ಬೀಫ್ ವೆಲ್ಲಿಂಗ್ಟನ್: ಒಂದು ತುಂಡಿನಲ್ಲಿ ನಿಜಕ್ಕೂ ಎಷ್ಟು ಕ್ಯಾಲೊರಿ?

ಥೇಮ್ಸ್ ದಡದವ

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ಈ ಸಲ ಕ್ರಿಸ್‌ಮಸ್‌ಗೆ ಆಫೀಸಿನ ಗೆಳೆಯರು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ. ಬೀಫ್ ವೆಲ್ಲಿಂಗ್ಟನ್ ಆಗಲೇಬೇಕು ಅಂತ ಪಟ್ಟು ಹಿಡಿದಿದ್ದಾರೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ದನದ ಮಾಂಸದಲ್ಲಿ ಅತಿ ಮೆತ್ತಗಿರುವ ಫಿಲೆಟ್ ಭಾಗವನ್ನು ಇಡಿಯಾಗಿ ತಂದು, ಕಾದ ಬಾಣಲೆಯಲ್ಲಿ ಸುತ್ತಲೂ ಬಣ್ಣ ಬರುವಂತೆ ಹುರಿದು, ಸಾಸಿವೆ ಪೇಸ್ಟ್ ಸವರುತ್ತಾರೆ. ಅದರ ಮೇಲೆ ಕೊಚ್ಚಿ ಹುರಿದ ಅಣಬೆ, ಪಾರ್ಮಾ ಹ್ಯಾಮ್ (ಉಪ್ಪು ಹಚ್ಚಿ ಒಣಗಿಸಿದ ಹಂದಿ ಮಾಂಸದ ತೆಳು ಹಾಳೆ). ಕೆಲವರು ಲಿವರ್ ಪಾಟೆಯನ್ನೂ (ನುಣ್ಣಗೆ ಅರೆದ ಲಿವರ್ ಪೇಸ್ಟ್) ಹಚ್ಚುತ್ತಾರೆ. ಕೊನೆಗೆ ಪಫ್ ಪೇಸ್ಟ್ರಿಯಲ್ಲಿ ಸುತ್ತಿ ಓವನ್‌ಗೆ.

ನನ್ನ ತಲೆನೋವು ಏನೆಂದರೆ, ಕ್ಯಾಲೊರಿ ಆ್ಯಪ್‌ನಲ್ಲಿ ಇದರ ಹೆಸರು ಹಾಕಿದರೆ ಒಂದು ಕಡೆ 400ರ ಆಸುಪಾಸು ತೋರಿಸುತ್ತದೆ, ಇನ್ನೊಂದು ಕಡೆ ಸಾವಿರ ದಾಟುತ್ತದೆ. ಕೊಲೆಸ್ಟರಾಲ್ ಸ್ವಲ್ಪ ಜಾಸ್ತಿ ಇದೆ, ನೋಡಿಕೊಂಡು ತಿನ್ನಿ ಅಂತ ಡಾಕ್ಟರ್ ಹೇಳಿದ್ದಾರೆ. ಯಾವುದನ್ನ ನಂಬಲಿ? ಮಾಂಸ ಕಮ್ಮಿ ಮಾಡಲಾ, ಪೇಸ್ಟ್ರಿ ಬಿಡಲಾ?

ಪಫ್ಸ್ ಪ್ರಿಯ

ಗುರು, ನಮ್ಮೂರ ಬೇಕರಿಯ ಎಗ್ ಪಫ್ಸ್ ಒಳಗೆ ಮೊಟ್ಟೆ ಬದಲು ಒಂದು ಕೇಜಿ ಮಾಂಸ ತುರುಕಿದ ಹಾಗೆ ಅಲ್ವಾ ಇದು? ಕ್ಯಾಲೊರಿ ಕೇಳೋದೇ ದಂಡ. ತಿಂದು ಮಾರನೇ ದಿನ ವಾಕಿಂಗ್ ಹೋಗು.

ತಕ್ಕಡಿ ತಟ್ಟೆ

ನಾನು ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್. ಪ್ರತಿ ಡಿಸೆಂಬರ್‌ನಲ್ಲೂ ಯಾರಾದರೂ ಈ ಪ್ರಶ್ನೆ ತಂದೇ ತರುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ್ಯಪ್ ಹೇಳುವ ಎರಡೂ ಸಂಖ್ಯೆ ಸುಳ್ಳಲ್ಲ. "ಒಂದು ತುಂಡು" ಅಂದರೆ ಎಷ್ಟು ದಪ್ಪ, ಪೇಸ್ಟ್ರಿ ಎಷ್ಟು, ಪಾಟೆ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಹೆಸರು ಹಾಕಿ ಹುಡುಕಬೇಡಿ. ಒಳಗೆ ಹಾಕಿದ್ದನ್ನ ಬಿಡಿಬಿಡಿಯಾಗಿ ತೂಗಿ ಕೂಡಿಸಿ.

ಆರು ಜನಕ್ಕೆ ಮಾಡುವ ಒಂದು ಸಾಧಾರಣ ಲೆಕ್ಕ ನೋಡೋಣ. ಕೊಬ್ಬು ತೆಗೆದ ಹಸಿ ಫಿಲೆಟ್ 1 ಕೇಜಿ. ಇದರಲ್ಲಿ 100 ಗ್ರಾಂಗೆ 150 ಕ್ಯಾಲೊರಿ ಹಿಡಿದರೆ ಒಟ್ಟು 1,500. ಬೆಣ್ಣೆ ಹಾಕಿದ ಪಫ್ ಪೇಸ್ಟ್ರಿ 500 ಗ್ರಾಂ. ಇದು 100 ಗ್ರಾಂಗೆ ಹತ್ತಿರ ಹತ್ತಿರ 400, ಅಂದರೆ 2,000. ಇಲ್ಲೇ ನೋಡಿ ಆಟ ಇರುವುದು. ಮಾಂಸದ ಅರ್ಧ ತೂಕದ ಪೇಸ್ಟ್ರಿ ಮಾಂಸಕ್ಕಿಂತ ಜಾಸ್ತಿ ಕ್ಯಾಲೊರಿ ತರುತ್ತದೆ.

ಉಳಿದದ್ದು ಬೇಗ ಮುಗಿಯುತ್ತದೆ. ಅಣಬೆ 400 ಗ್ರಾಂ ಇದ್ದರೂ ಬರೀ 90 ಕ್ಯಾಲೊರಿ, ಯಾಕೆಂದರೆ ಅದರಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರೇ. ಆದರೆ ಅಣಬೆ ಹುರಿಯಲು ಹಾಕುವ 50 ಗ್ರಾಂ ಬೆಣ್ಣೆಗೆ 360. ಹ್ಯಾಮ್ 120 ಗ್ರಾಂಗೆ 280. ಫೊಯ್ ಗ್ರಾ ಪಾಟೆ (ಬಾತುಕೋಳಿ ಲಿವರ್‌ನದ್ದು) 100 ಗ್ರಾಂ ಹಚ್ಚಿದರೆ 460. ಎಣ್ಣೆ ಒಂದು ದೊಡ್ಡ ಚಮಚ, ಮೇಲೆ ಸವರುವ ಎರಡು ಹಳದಿ ಲೋಳೆ, ಇವೆರಡೂ ಸೇರಿ 230. ಒಟ್ಟು 4,900 ಚಿಲ್ಲರೆ. ಆರು ಪಾಲು ಮಾಡಿದರೆ ಒಬ್ಬರಿಗೆ ಸುಮಾರು 820.

ಆ 820ರಲ್ಲಿ ಪ್ರೋಟೀನ್ 50 ಗ್ರಾಂ ಆಸುಪಾಸು, ಕೊಬ್ಬು ಕೂಡ 50 ಗ್ರಾಂ ದಾಟುತ್ತದೆ, ಕಾರ್ಬೋಹೈಡ್ರೇಟ್ 33 ಗ್ರಾಂ. ಕೊಬ್ಬಿನಲ್ಲಿ ಅರ್ಧದಷ್ಟು, ಅಂದರೆ ಸುಮಾರು 26 ಗ್ರಾಂ, ಸ್ಯಾಚುರೇಟೆಡ್ (ಕೊಲೆಸ್ಟರಾಲ್ ಏರಿಸುವ ಥರದ ಕೊಬ್ಬು). ನಿಮ್ಮ ಕೊಲೆಸ್ಟರಾಲ್‌ಗೆ ಸಂಬಂಧಪಟ್ಟದ್ದು ಇದೇ ಸಂಖ್ಯೆ. ದಿನದ ಕ್ಯಾಲೊರಿಯಲ್ಲಿ ಶೇ 10ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬಿನಿಂದ ಬರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಹೇಳುತ್ತದೆ. 2,000 ಕ್ಯಾಲೊರಿ ತಿನ್ನುವವರಿಗೆ ಅದು 22 ಗ್ರಾಂ. ಒಂದೇ ತುಂಡಿಗೆ ದಿನದ ಕೋಟಾ ಮುಗಿದು ಮೇಲೆ ಸಾಲ.

ಆ 26ರಲ್ಲಿ ಫಿಲೆಟ್ ಮಾಂಸದ ಪಾಲು 4-5 ಗ್ರಾಂ ಅಷ್ಟೇ. ಪೇಸ್ಟ್ರಿಯದ್ದು 14. ಬೈಗುಳ ತಿನ್ನುವುದು ಮಾಂಸ, ಕೆಲಸ ಕೆಡಿಸುವುದು ಹೊದಿಕೆ.

ಜಿಮ್ ಜಂಗಮ

50 ಗ್ರಾಂ ಪ್ರೋಟೀನ್! ಒಂದೇ ಊಟದಲ್ಲಿ! ಎರಡು ತುಂಡು ತಿಂದರೆ ಪೌಡರ್ ಖರ್ಚೇ ಇಲ್ಲ.

ತಕ್ಕಡಿ ತಟ್ಟೆ

ಎರಡು ತುಂಡು ಅಂದರೆ 1,640 ಕ್ಯಾಲೊರಿ, ತಮ್ಮಾ. ಪ್ರೋಟೀನ್ ಬೇಕು ಅಂದರೆ ಅದೇ ಫಿಲೆಟ್ ಅನ್ನು ಸುಮ್ನೆ ಗ್ರಿಲ್ ಮಾಡಿ ತಿನ್ನಿ, 250 ಕ್ಯಾಲೊರಿಗೆ 36 ಗ್ರಾಂ ಸಿಗುತ್ತದೆ. ಇನ್ನೊಂದು ಮಾತು. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಪ್ರಕಾರ ಪ್ರೋಟೀನ್ ಬೇಕಾಗುವುದು ದೇಹದ ತೂಕದ ಕೇಜಿಗೆ ದಿನಕ್ಕೆ 0.83 ಗ್ರಾಂ. 65 ಕೇಜಿ ಗಂಡಸಿಗೆ 54 ಗ್ರಾಂ. ಒಂದು ತುಂಡೇ ಹೆಚ್ಚುಕಮ್ಮಿ ಅಲ್ಲಿಗೆ ಮುಟ್ಟಿಸುತ್ತದೆ. ಜಿಮ್‌ಗೆ ಹೋಗುವವರಿಗೆ ಇನ್ನೂ ಬೇಕು, ಒಪ್ಪುತ್ತೇನೆ. ಆದರೆ ಅದಕ್ಕೆ ಪೇಸ್ಟ್ರಿ ಯಾಕೆ?

ಥೇಮ್ಸ್ ದಡದವ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ಮೇಡಂ. ಹಾಗಾದರೆ ಇದರಲ್ಲಿ ಒಳ್ಳೆಯದು ಅನ್ನುವಂಥದ್ದು ಪ್ರೋಟೀನ್ ಬಿಟ್ಟು ಏನೂ ಇಲ್ವಾ?

ತಕ್ಕಡಿ ತಟ್ಟೆ

ಯಾಕಿಲ್ಲ! ಬಿ12, ಸತು, ಕಬ್ಬಿಣ, ಈ ಮೂರೂ ಚೆನ್ನಾಗಿವೆ. ದಿನಕ್ಕೆ ಬೇಕಾಗುವ ಬಿ12 ಎರಡು ಮೈಕ್ರೋಗ್ರಾಂ ಚಿಲ್ಲರೆ, ಒಂದು ಪಾಲು ಮಾಂಸ ಅದನ್ನು ಪೂರ್ತಿ ಕೊಡುತ್ತದೆ. ಸಸ್ಯಾಹಾರಿ ಮನೆಗಳಿಂದ ಬಂದವರ ರಕ್ತಪರೀಕ್ಷೆಯಲ್ಲಿ ನಾನು ಪದೇ ಪದೇ ಕಮ್ಮಿ ನೋಡುವುದು ಇದನ್ನೇ.

ಕಬ್ಬಿಣ ಅಳತೆಯಲ್ಲಿ ಅಂಥ ದೊಡ್ಡದಲ್ಲ, 100 ಗ್ರಾಂಗೆ 2.5-3 ಮಿಲಿಗ್ರಾಂ. ಆದರೆ ಅದರಲ್ಲಿ ಒಂದಷ್ಟು ಹೀಮ್ ರೂಪದಲ್ಲಿದೆ (ಪ್ರಾಣಿಗಳ ರಕ್ತ, ಮಾಂಸದಲ್ಲಿ ಇರುವಂಥದ್ದು). ಹೀಮ್ ಕಬ್ಬಿಣ ಸೊಪ್ಪು, ಕಾಳುಗಳ ಕಬ್ಬಿಣಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಜೊತೆಗೆ ತಿಂದ ತರಕಾರಿಯ ಕಬ್ಬಿಣವೂ ಮಾಂಸದ ಜೊತೆ ಸ್ವಲ್ಪ ಜಾಸ್ತಿ ಹೀರಿಕೊಳ್ಳುತ್ತದೆ. ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣಕ್ಕೆ ಅಡ್ಡಿ. ನಮ್ಮವರು ಕೇಳುವುದಿಲ್ಲ, ಇರಲಿ.

ಕೊನೆಗೆ ಉಪ್ಪು. ಹ್ಯಾಮ್, ಪೇಸ್ಟ್ರಿ, ಪಾಟೆ, ನೀವು ಉದುರಿಸುವುದು ಎಲ್ಲಾ ಸೇರಿ ಒಂದು ಪಾಲಿಗೆ ಸುಮಾರು 3 ಗ್ರಾಂ ಆಗುತ್ತದೆ. ಡಬ್ಲ್ಯುಎಚ್‌ಒ ಹೇಳುವ ದಿನದ ಮಿತಿ 5 ಗ್ರಾಂ. ಬಿಪಿ ಇರುವವರು ಇದನ್ನ ಮರೆಯಬೇಡಿ. ಗ್ರೇವಿಯ ಉಪ್ಪು ಬೇರೆ.

ಸತ್ಯವಾದಿ 77

ರೆಡ್ ಮೀಟ್ ತಿಂದರೆ ಕ್ಯಾನ್ಸರ್ ಅಂತ ಡಬ್ಲ್ಯುಎಚ್‌ಒ ಹೇಳಿ ಎಷ್ಟು ವರ್ಷ ಆಯ್ತು. ಅದನ್ನ ಬಿಟ್ಟು ಎಲ್ಲಾ ಮಾತಾಡ್ತೀರಾ. ಅದರ ಮೇಲೆ ಗೋವು ಬೇರೆ. ನಮ್ಮವರಾಗಿ ಇದನ್ನ ಹೆಮ್ಮೆಯಿಂದ ಹಾಕ್ತೀರಲ್ಲ…

ಮಾಡರೇಟರ್

ಇದು ಪೋಷಣೆಯ ಚರ್ಚೆ. ಯಾರು ಏನು ತಿನ್ನಬೇಕು, ತಿನ್ನಬಾರದು ಅನ್ನುವ ಜಗಳಕ್ಕೆ ಇಲ್ಲಿ ಜಾಗ ಇಲ್ಲ. ಇಲ್ಲಿ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ, ಇಬ್ಬರೂ ವಿಷಯಕ್ಕೆ ಬನ್ನಿ. ಕ್ಯಾನ್ಸರ್ ಪ್ರಶ್ನೆ ಸರಿಯಾದದ್ದೇ, ಅದಕ್ಕೆ ಉತ್ತರ ಬರಲಿ.

ತಕ್ಕಡಿ ತಟ್ಟೆ

ಬರೆಯುತ್ತೇನೆ. 2015ರಲ್ಲಿ ಡಬ್ಲ್ಯುಎಚ್‌ಒ ಕೆಳಗಿನ ಐಎಆರ್‌ಸಿ (ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಎರಡನ್ನು ಬೇರೆ ಬೇರೆ ಮಾಡಿ ಹೇಳಿತು. ಹ್ಯಾಮ್, ಬೇಕನ್, ಸಾಸೇಜ್ ಥರದ ಸಂಸ್ಕರಿಸಿದ ಮಾಂಸ ಗುಂಪು 1, ಅಂದರೆ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇದೆ. ತಾಜಾ ಕೆಂಪು ಮಾಂಸ ಗುಂಪು 2ಎ, ಅಂದರೆ ತರುವ ಸಂಭವ ಇದೆ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಏರುತ್ತದೆ ಅಂತ ಅವರ ಅಂದಾಜು. "ದಿನಾ" ಅನ್ನುವುದನ್ನ ಗಮನಿಸಿ. ವೆಲ್ಲಿಂಗ್ಟನ್ ಅನ್ನು ದಿನಾ ಮಾಡುವಷ್ಟು ದುಡ್ಡೂ ಪುರುಸೊತ್ತೂ ಯಾರಿಗಿದೆ?

ಇಲ್ಲಿಯ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಸಲಹೆ, ದಿನಕ್ಕೆ 90 ಗ್ರಾಂಗಿಂತ ಜಾಸ್ತಿ ಕೆಂಪು ಮತ್ತು ಸಂಸ್ಕರಿಸಿದ ಮಾಂಸ ತಿನ್ನುವವರು 70ಕ್ಕೆ ಇಳಿಸಿ ಅಂತ. ಅದು ಬೆಂದ ಮೇಲಿನ ತೂಕ. ಒಂದು ಪಾಲು ವೆಲ್ಲಿಂಗ್ಟನ್ ಇದನ್ನ ದಾಟುತ್ತದೆ. ಹಿಂದೆ ಮುಂದೆ ಎರಡು ದಿನ ಮೀನೋ ಬೇಳೆಯೋ ಮಾಡಿಕೊಂಡರೆ ಸರಿಹೋಗುತ್ತದೆ.

ಫ್ರೇಜರ್ ಟೌನ್ ಫ್ರೈ

ಬೆಂಗಳೂರಿನವರಿಗೆ ಒಂದು ಮಾತು. ಇಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಹಸು, ಎತ್ತು ಇಲ್ಲ, 13 ವರ್ಷ ದಾಟಿದ ಎಮ್ಮೆ ಕೋಣದ ಮಾಂಸಕ್ಕೆ ಮಾತ್ರ ಅವಕಾಶ. ಅಂಗಡಿಯಲ್ಲಿ ಫಿಲೆಟ್ ಅಂದರೆ ಮುಖ ನೋಡುತ್ತಾರೆ, "ಅಂಡರ್‌ಕಟ್" ಅನ್ನಿ, ತಕ್ಷಣ ತೆಗೆದು ಕೊಡುತ್ತಾರೆ. ಮುದಿ ಎಮ್ಮೆಯ ಬೇರೆ ಭಾಗ ರಬ್ಬರ್ ಥರ ಇದ್ದರೂ ಅಂಡರ್‌ಕಟ್ ಮೆತ್ತಗೇ ಇರುತ್ತದೆ. ಮೇಲಿನ ಬಿಳಿ ಪೊರೆಯನ್ನ ಚೂಪು ಚಾಕುವಿನಿಂದ ಸಣ್ಣ ಸಣ್ಣ ಪಟ್ಟಿಯಾಗಿ ಬಿಡಿಸಿ. ಬಿಟ್ಟರೆ ಬೆಂದಾಗ ಎಳೆದುಕೊಂಡು ಮಾಂಸ ಬಾಗುತ್ತದೆ. ಇದರಲ್ಲಿ ಕೊಬ್ಬು ಇನ್ನೂ ಕಮ್ಮಿ ಅಂತ ಕೇಳಿದ್ದೇನೆ, ಹೌದಾ ಮೇಡಂ?

ತಕ್ಕಡಿ ತಟ್ಟೆ

ಹೌದು ಸರ್. ಹಸಿ ಎಮ್ಮೆ ಮಾಂಸ 100 ಗ್ರಾಂಗೆ ಸುಮಾರು 100 ಕ್ಯಾಲೊರಿ, ಪ್ರೋಟೀನ್ 20 ಗ್ರಾಂ, ಕೊಬ್ಬು ಒಂದೂವರೆ ಗ್ರಾಂ. ಕೊಬ್ಬು ಕಮ್ಮಿ ಅಂದರೆ ಬೇಗ ಒಣಗುತ್ತದೆ ಅಂತಲೂ ಅರ್ಥ.

ಇರ್ವಿನ್ ರೋಡ್

ಕ್ಯಾಲೊರಿಗೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಈ ವೆಲ್ಲಿಂಗ್ಟನ್ ಅಂದರೆ 1815ರಲ್ಲಿ ವಾಟರ್‌ಲೂ ಗೆದ್ದ ಡ್ಯೂಕ್ ಅಂತ ಎಲ್ಲರ ನಂಬಿಕೆ. ಅವನೇ ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದವನು. ಆಮೇಲೆ ಅಲ್ಲಿಯ ಉಸ್ತುವಾರಿಯೂ ಅವನದೇ. ಮೈಸೂರಿನಲ್ಲಿ ವೆಲ್ಲಿಂಗ್ಟನ್ ಹೌಸ್ ಇವತ್ತಿಗೂ ಇದೆ. ಆದರೆ ಡ್ಯೂಕ್ ಇದನ್ನ ತಿಂದಿದ್ದ ಅನ್ನುವುದಕ್ಕೆ ದಾಖಲೆ ಇಲ್ಲ. ಅವನು ಇದ್ದಾಗ ಈ ಹೆಸರಿನ ಅಡುಗೆ ಇತ್ತು ಅನ್ನುವುದಕ್ಕೂ ಇಲ್ಲ.

ಪಫ್ಸ್ ಪ್ರಿಯ

ಟಿಪ್ಪು ಮೇಲಿನ ಸಿಟ್ಟನ್ನ ಪೇಸ್ಟ್ರಿ ಮೇಲೆ ತೀರಿಸಿಕೊಂಡನಾ 😄

ಹಾಸನದ ಓವನ್

ನಮ್ಮ ಮನೆಯವರು ಮೂರು ತಲೆಮಾರಿನಿಂದ ಬೇಕರಿ ನಡೆಸಿದವರು. ಪಫ್ಸ್ ಅಂತ ಆಡಿಕೊಂಡಿದ್ದೀರಿ, ಹಾಗಾಗಿ ಪದರದ ವಿಷಯ ನಾನೇ ಹೇಳುತ್ತೇನೆ.

ಮೈದಾ ಹಿಟ್ಟಿನ ಹಾಳೆ ಮೇಲೆ ಕೊಬ್ಬಿನ ಹಾಳೆ ಇಟ್ಟು ಮಡಿಸಿ ಲಟ್ಟಿಸಬೇಕು. ಮೂರು ಮಡಿಕೆಯಂತೆ ಆರು ಸಲ ಮಡಿಸಿದರೆ ಕೊಬ್ಬಿನ ಪದರ 729 ಆಗುತ್ತದೆ. ಓವನ್ ಬಿಸಿಗೆ ಹಿಟ್ಟಿನ ನೀರು ಆವಿಯಾಗಿ ಪದರ ಪದರವನ್ನೂ ಎತ್ತುತ್ತದೆ, ಕೊಬ್ಬು ಅವು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಆದ್ದರಿಂದ "ಕೊಬ್ಬು ಕಮ್ಮಿ ಮಾಡಿ ಪಫ್ ಮಾಡಿ" ಅಂದರೆ ಆಗುವ ಮಾತಲ್ಲ. ಕಮ್ಮಿ ಮಾಡಿದರೆ ಅದು ಚಪಾತಿ ಆಗುತ್ತದೆ.

ಯಾವ ಕೊಬ್ಬು ಅನ್ನುವುದು ನಿಮ್ಮ ಕೈಲಿದೆ. ನಮ್ಮ ಕಡೆ ಬೇಕರಿಗಳಲ್ಲಿ ವನಸ್ಪತಿ, ಪಫ್ ಮಾರ್ಜರಿನ್ ಬಳಕೆ. ಬೆಣ್ಣೆ ನಮ್ಮ ಸೆಕೆಗೆ ಕೈಯಲ್ಲೇ ಕರಗಿ ಹೋಗುತ್ತದೆ, ಬೆಲೆಯೂ ಕಟ್ಟುವುದಿಲ್ಲ. ಹಿಂದೆ ವನಸ್ಪತಿಯಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ತುಂಬಾ ಇರುತ್ತಿತ್ತು. 2022ರ ಜನವರಿಯಿಂದ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಅದನ್ನ ಶೇ 2ಕ್ಕೆ ಕಟ್ಟಿಹಾಕಿದೆ. ಇಂಗ್ಲೆಂಡಿನಲ್ಲಿರುವವರು ಪ್ಯಾಕೆಟ್ ತಿರುಗಿಸಿ ಓದಿ, "ಆಲ್ ಬಟರ್" ಅಂತ ಇದ್ದರೆ ಬೆಣ್ಣೆ, ಇಲ್ಲದಿದ್ದರೆ ಸಾಮಾನ್ಯವಾಗಿ ತಾಳೆ ಎಣ್ಣೆ. ಸ್ಯಾಚುರೇಟೆಡ್ ಎರಡರಲ್ಲೂ ಇದೆ. ರುಚಿಗಾದರೂ ಬೆಣ್ಣೆಯದ್ದನ್ನೇ ತನ್ನಿ.

ಥೇಮ್ಸ್ ದಡದವ

ಓವನ್ ಅಣ್ಣ, ಅಡಿ ಹಸಿಹಸಿಯಾಗಿ ಮೆತ್ತಗಾಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಅದಕ್ಕೆ ಅಂತಲೇ ಜಾಸ್ತಿ ಪೇಸ್ಟ್ರಿ ಸುತ್ತಬೇಕಂತೆ?

ಹಾಸನದ ಓವನ್

ದಪ್ಪ ಸುತ್ತಿದಷ್ಟೂ ಅಡಿ ಬೇಯುವುದಿಲ್ಲ. ಜಾಸ್ತಿ ಕ್ಯಾಲೊರಿಯೂ ಹೌದು, ಹಸಿ ಹಿಟ್ಟೂ ಹೌದು, ಎರಡು ಕಡೆ ನಷ್ಟ. ಎಡವಟ್ಟಾಗುವುದು ಅಣಬೆಯಲ್ಲಿ. ಬಾಣಲೆ ತುಂಬಾ ಹಾಕಿದ ಅಣಬೆ ಮೊದಲು ನೀರು ಬಿಡುತ್ತದೆ, ಕುದಿಯುವ ಸದ್ದು ಬರುತ್ತದೆ. ಆ ಸದ್ದು ನಿಂತು ಚುರುಚುರು ಅನ್ನುವವರೆಗೆ ಹುರಿಯುತ್ತಲೇ ಇರಿ. ಸೌಟಿನಿಂದ ಪಕ್ಕಕ್ಕೆ ತಳ್ಳಿದರೆ ಬಾಣಲೆ ತಳ ಒಣಗಿ ಕಾಣಬೇಕು, ಅಣಬೆ ಒಂದೆರಡು ಹಿಡಿ ಆಗಿರಬೇಕು. ಮೊದಲೇ ಬೆಣ್ಣೆ ಹಾಕುವ ಅಗತ್ಯವೇ ಇಲ್ಲ, ಒಣ ಬಾಣಲೆಯಲ್ಲೇ ಆಗುತ್ತದೆ. ಬೇಕಾದರೆ ಕೊನೆಯಲ್ಲಿ ಒಂದು ಚಮಚ.

ಪೂರ್ತಿ ತಣ್ಣಗಾದ ಮೇಲೆ ಸುತ್ತಿ. ಎರಡು ತುದಿಯಲ್ಲಿ ಮಡಿಸಿದ ಹಿಟ್ಟನ್ನ ಕತ್ತರಿಸಿ ಬಿಸಾಡಿ, ಅದು ಬೇಯುವುದೂ ಇಲ್ಲ, ಯಾರೂ ತಿನ್ನುವುದೂ ಇಲ್ಲ. ಓವನ್ ಒಳಗೆ ಖಾಲಿ ತಟ್ಟೆ ಕಾಯಿಸಿಟ್ಟು ಅದರ ಮೇಲೇ ಇಡಿ.

ತಕ್ಕಡಿ ತಟ್ಟೆ

ಇದಕ್ಕಿಂತ ಒಳ್ಳೆ ಡಯಟ್ ಸಲಹೆ ನಾನೂ ಕೊಡಲಾರೆ! 500 ಗ್ರಾಂ ಬದಲು 320 ಗ್ರಾಂನ ರೆಡಿ ಹಾಳೆ ತೆಳ್ಳಗೆ ಲಟ್ಟಿಸಿ ಬಳಸಿದರೆ ಒಬ್ಬರ ಪಾಲಿಗೆ 120 ಕ್ಯಾಲೊರಿ ಕಮ್ಮಿ. ಪಾಟೆ ಬಿಟ್ಟರೆ 75. ಅಣಬೆ ಒಣ ಹುರಿದರೆ 50-60. ಈಗ 820 ಇದ್ದದ್ದು 570ರ ಹತ್ತಿರ ಬಂತು. ಮಾಂಸ ಒಂದು ಗ್ರಾಂ ಕಮ್ಮಿ ಆಗಿಲ್ಲ. ಸ್ಯಾಚುರೇಟೆಡ್ ಕೂಡ 15 ಗ್ರಾಂ ಆಸುಪಾಸಿಗೆ ಇಳಿಯುತ್ತದೆ.

ಫಿಲೊ ಹಾಳೆ (ಕಾಗದದಷ್ಟು ತೆಳ್ಳಗಿನ ಮೈದಾ ಹಾಳೆ) ಬಳಸಬಹುದು, ಅದರಲ್ಲಿ ಕೊಬ್ಬು ತೀರಾ ಕಮ್ಮಿ. ಆದರೆ ಪದರಕ್ಕೊಂದು ಸಲ ಬೆಣ್ಣೆ ಸವರಿದರೆ ಉಳಿಸಿದ್ದೆಲ್ಲಾ ವಾಪಸ್.

ಬರ್ ದುಬೈ ಬಿರಿಯಾನಿ

ನಾವು ಹಂದಿ ತಿನ್ನುವುದಿಲ್ಲ. ಹ್ಯಾಮ್ ಬದಲು ಏನು ಹಾಕಲಿ? ಪಾಲಕ್ ಎಲೆ ನಡೆಯುತ್ತಾ?

ಹಾಸನದ ಓವನ್

ನಡೆಯುತ್ತೆ ಭಾಯ್. ಹ್ಯಾಮ್‌ನ ಕೆಲಸ ಅಣಬೆಯನ್ನ ಹಿಡಿದಿಡುವುದು, ತೇವ ಪೇಸ್ಟ್ರಿಗೆ ಹೋಗದಂತೆ ತಡೆಯುವುದು. ದೊಡ್ಡ ಎಲೆಗಳನ್ನ ಬಿಸಿನೀರಲ್ಲಿ ಅದ್ದಿ ತೆಗೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ಒಂದರ ಮೇಲೊಂದು ಹಾಸಿ. ಕೋಸಿನ ಎಲೆಯೂ ಆಗುತ್ತದೆ. ತೆಳ್ಳಗಿನ ಕ್ರೇಪ್ (ಮೈದಾ, ಮೊಟ್ಟೆಯ ದೋಸೆ ಥರದ್ದು) ಹಾಕುವವರೂ ಇದ್ದಾರೆ.

ತಕ್ಕಡಿ ತಟ್ಟೆ

ಎಲೆ ಹಾಕಿದರೆ ಒಬ್ಬರಿಗೆ ಒಂದು ಗ್ರಾಂ ಉಪ್ಪು ಉಳಿಯುತ್ತದೆ, ಸಂಸ್ಕರಿಸಿದ ಮಾಂಸದ ಗೊಡವೆಯೂ ಇಲ್ಲ. ಹಂದಿ ತಿನ್ನುವವರೂ ಇದನ್ನ ಮಾಡಬಹುದು.

ಮೆಲ್ಬರ್ನ್ ಮಾವಿನಕಾಯಿ

ನಾವು ಸಸ್ಯಾಹಾರಿಗಳು. ಇಲ್ಲಿ ಅಂಗಡಿಯಲ್ಲಿ ವೆಜ್ ವೆಲ್ಲಿಂಗ್ಟನ್ ಸಿಗುತ್ತದೆ, ಗೋಡಂಬಿ, ಚೆಸ್ಟ್‌ನಟ್, ಬೀಟ್‌ರೂಟ್ ಎಲ್ಲಾ ಹಾಕಿರುತ್ತಾರೆ. ಅದಾದರೂ ಹಗುರ ಅಲ್ವಾ? ಮತ್ತೆ ಅಣಬೆ ಅಂದರೆ ಈಗ ನನಗೆ ಭಯ. 2023ರಲ್ಲಿ ನಮ್ಮ ವಿಕ್ಟೋರಿಯಾ ರಾಜ್ಯದ ಲಿಯೊಂಗಾಥಾದಲ್ಲಿ ಇದೇ ಬೀಫ್ ವೆಲ್ಲಿಂಗ್ಟನ್ ಊಟ ಮಾಡಿ ಮೂರು ಜನ ಹೋದರಲ್ಲ.

ತಕ್ಕಡಿ ತಟ್ಟೆ

ಅಕ್ಕ, ಆ ಕೇಸು ಅಡುಗೆಯ ಎಡವಟ್ಟಲ್ಲ. ವಿಷದ ಅಣಬೆ ಹಾಕಿ ಕೊಲೆ ಮಾಡಿದ್ದು ಅಂತ 2025ರಲ್ಲಿ ಜ್ಯೂರಿ ತೀರ್ಪು ಕೊಟ್ಟಾಯಿತು. ಅದರಲ್ಲಿದ್ದದ್ದು ಡೆತ್ ಕ್ಯಾಪ್. ಆ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ಲಿವರ್ ಹಾಳಾಗುತ್ತದೆ. ತಿಂದು ಎಷ್ಟೋ ಗಂಟೆ ಆದ ಮೇಲೆ ವಾಂತಿ ಭೇದಿ ಶುರು, ಮಧ್ಯೆ ಸುಧಾರಿಸಿದ ಹಾಗೆ ಕಾಣುತ್ತದೆ, ಆಮೇಲೆ ಕೆಡುತ್ತದೆ. ಅಂಗಡಿಯ ಬಟನ್, ಚೆಸ್ಟ್‌ನಟ್ ಅಣಬೆಗೆ ಹೆದರಬೇಕಿಲ್ಲ. ಪಾರ್ಕಿನಲ್ಲಿ, ಓಕ್ ಮರದ ಕೆಳಗೆ ಸಿಕ್ಕಿದ್ದನ್ನ ಮಾತ್ರ ತಂದು ಬೇಯಿಸಬೇಡಿ.

ವೆಜ್ ಬಗ್ಗೆ: ಹಗುರ ಅಂತ ಖಾತ್ರಿ ಇಲ್ಲ. ಪೇಸ್ಟ್ರಿ ಅಷ್ಟೇ ಇರುತ್ತದೆ. ಗೋಡಂಬಿ 100 ಗ್ರಾಂಗೆ 550 ಕ್ಯಾಲೊರಿ, ಫಿಲೆಟ್‌ಗಿಂತ ಮೂರೂವರೆ ಪಟ್ಟು. ನಾರಿನಂಶ ಸಿಗುತ್ತದೆ, ಮಾಂಸದಲ್ಲಿ ಅದು ಸೊನ್ನೆ. ಪ್ರೋಟೀನ್ ಮಾತ್ರ ಬಿದ್ದುಹೋಗುತ್ತದೆ, ಬೀಟ್‌ರೂಟ್‌ನಿಂದ ಏನು ಬಂದೀತು? ಮನೆಯಲ್ಲಿ ಮಾಡುವುದಾದರೆ ಪನೀರ್ ಅಥವಾ ಬೇಯಿಸಿದ ಮಸೂರ ಸೇರಿಸಿ.

ಕೊಡಗಿನ ಕಾಫಿ

ಅಪ್ಪನಿಗೆ ಶುಗರ್ ಇದೆ, ಯೂರಿಕ್ ಆ್ಯಸಿಡ್ ಕೂಡ. ತಂಗಿ ಬಸುರಿ. ಇಬ್ಬರಿಗೂ ಕೊಡಬಹುದಾ?

ತಕ್ಕಡಿ ತಟ್ಟೆ

ಅಪ್ಪನಿಗೆ ಸಣ್ಣ ತುಂಡು, ಪಾಟೆ ಇಲ್ಲದ್ದು. 33 ಗ್ರಾಂ ಕಾರ್ಬೋಹೈಡ್ರೇಟ್ ಒಂದು ಊಟಕ್ಕೆ ದೊಡ್ಡದಲ್ಲ. ಆದರೆ ಇಷ್ಟು ಕೊಬ್ಬಿನ ಜೊತೆ ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ಶುಗರ್ ತಡವಾಗಿ ಏರುತ್ತದೆ. ಊಟ ಆಗಿ ಎರಡು ಗಂಟೆಗೆ ನೋಡಿ ಸರಿ ಇದೆ ಅಂತ ಸುಮ್ಮನಾಗಬೇಡಿ, ಇನ್ಸುಲಿನ್ ತಗೊಳ್ಳುವವರಾದರೆ ಅವರ ಡಾಕ್ಟರನ್ನ ಕೇಳಿ. ಜೊತೆಗೆ ಆಲೂಗಡ್ಡೆ ಮ್ಯಾಶ್ ಬೇಡ, ಬೀನ್ಸ್ ಇರಲಿ. ಯೂರಿಕ್ ಆ್ಯಸಿಡ್‌ಗೆ ಲಿವರ್ ಮತ್ತು ಬಿಯರ್ ಎರಡೂ ಕೆಟ್ಟವು. ಕೆಂಪು ಮಾಂಸವೂ ಮಿತಿಯಲ್ಲೇ.

ತಂಗಿಗೆ ಪಾಟೆ ಬೇಡವೇ ಬೇಡ. ಲಿವರ್‌ನಲ್ಲಿ ವಿಟಮಿನ್ ಎ ಜಾಸ್ತಿ, ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಭಯ ಬೇರೆ. ನಡುವೆ ಕೆಂಪಗಿರುವ ತುಂಡೂ ಬೇಡ. ಸಾಮಾನ್ಯ ಜನಕ್ಕೆ ಇಡಿ ಮಾಂಸದ ಹೊರಮೈ ಚೆನ್ನಾಗಿ ಹುರಿದಿದ್ದರೆ ಒಳಗೆ ಗುಲಾಬಿ ಇದ್ದರೂ ಅಪಾಯ ಕಮ್ಮಿ, ಸೂಕ್ಷ್ಮಾಣು ಇರುವುದು ಮೇಲ್ಮೈಯಲ್ಲಿ. ಬಸುರಿಯರಿಗೆ ಟಾಕ್ಸೊಪ್ಲಾಸ್ಮಾ (ಹಸಿ ಮಾಂಸದಲ್ಲಿ ಇರಬಹುದಾದ ಪರಾವಲಂಬಿ) ಕಾರಣ ಪೂರ್ತಿ ಬೆಂದದ್ದೇ ಕೊಡಬೇಕು. ತುದಿಯ ತುಂಡು ಜಾಸ್ತಿ ಬೆಂದಿರುತ್ತದೆ, ಆದರೂ ಅದನ್ನ ಕತ್ತರಿಸಿ ಇನ್ನೊಂದು ಸಲ ಓವನ್‌ಗೆ ಇಟ್ಟು ಕೊಡಿ.

ಸತ್ಯವಾದಿ 77

ಹಬ್ಬದ ಒಂದು ಊಟಕ್ಕೆ ಇಷ್ಟೊಂದು ಲೆಕ್ಕ ಬೇಕಾ ಅಂತ.

ಪಫ್ಸ್ ಪ್ರಿಯ

ಮೊದಲ ಸಲ ನಿಮ್ಮ ಮಾತು ನನಗೂ ಸರಿ ಅನ್ನಿಸ್ತು ಸರ್.

ಥೇಮ್ಸ್ ದಡದವ

ನನಗೆ ಬೇಕು ಸರ್, ರಿಪೋರ್ಟ್ ನನ್ನದು. ತೀರ್ಮಾನ ಇಷ್ಟು: 320 ಗ್ರಾಂ ಬೆಣ್ಣೆ ಪೇಸ್ಟ್ರಿ, ಪಾಟೆ ಇಲ್ಲ, ಒಣ ಹುರಿದ ಅಣಬೆ, ಅರ್ಧಕ್ಕೆ ಹ್ಯಾಮ್, ಅರ್ಧಕ್ಕೆ ಪಾಲಕ್. ಪಕ್ಕದಲ್ಲಿ ಬೀನ್ಸ್ ಮತ್ತು ಹುರಿದ ಕ್ಯಾರೆಟ್. ಕೊನೇ ಪ್ರಶ್ನೆ, ಉಳಿದರೆ ಮಾರನೇ ದಿನ ತಿನ್ನಬಹುದಾ?

ಹಾಸನದ ಓವನ್

ಮೈಕ್ರೋವೇವ್‌ಗೆ ಮಾತ್ರ ಹಾಕಬೇಡಿ, ಪೇಸ್ಟ್ರಿ ಒದ್ದೆ ಬಟ್ಟೆ ಥರ ಆಗುತ್ತದೆ. ಓವನ್‌ನಲ್ಲೇ ಬಿಸಿ ಮಾಡಿ.

ತಕ್ಕಡಿ ತಟ್ಟೆ

ಊಟ ಮುಗಿದು ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು, ಎರಡು ದಿನದೊಳಗೆ ಮುಗಿಸಿ. ಮಧ್ಯದವರೆಗೂ ಹಬೆಯಾಡುವಷ್ಟು ಬಿಸಿ ಮಾಡಬೇಕು, ಆಗ ಮಾಂಸ ಗುಲಾಬಿ ಉಳಿಯುವುದಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಒಮ್ಮೆ ಬಿಸಿ ಮಾಡಿದ್ದನ್ನ ಮತ್ತೆ ಎತ್ತಿಡಬೇಡಿ.